ಹಳೇ ಕೋಯಾಕ್ಸಿನಲ್ಲೇ ನೆಟ್ ಓಡಿಸಿದ್ದು: ಬನಹಟ್ಟಿಯಿಂದ ನನ್ನ ಅನುಭವ

ಕೋಯಾಕ್ಸ್ (ಕೇಬಲ್ ಟಿವಿಯ ಹಳೇ ವೈರು) ಕಾಲ ಮುಗೀತು ಅಂತ ನಮ್ಮ ಕಡೆಯ ಕೇಬಲ್ ಆಪರೇಟರುಗಳೆಲ್ಲ ಹೇಳಿದ್ದರು. ‘ಬಿಡ್ರಿ ಅಣ್ಣಾರ, ಫೈಬರ್ ಎಳೀರಿ’ ಅನ್ನೋದೇ ಎಲ್ಲರ ಮಾತು. ಫೈಬರ್‌ಗೆ ಲೆಕ್ಕ ಹಾಕಿದರೆ 6-7 ಲಕ್ಷ ಬಂತು. ನನ್ನ ಲೈನಿನಲ್ಲಿ ನೆಟ್ ತಗೊಂಡಿದ್ದು 200ರ ಆಸುಪಾಸು ಮನೆ. ಆ ದುಡ್ಡು ಹುಟ್ಟೋದು ಯಾವಾಗ?

ಮೊದಲು ಅಗ್ಗದ ಇಓಸಿ (ಕೋಯಾಕ್ಸ್ ವೈರಿನಲ್ಲೇ ನೆಟ್ ಕಳಿಸೋ) ಬಾಕ್ಸ್ ಹಾಕಿದೆ. ಅದರದ್ದು ಸಿಎಸ್‌ಎಂಎ, ಲೈನ್ ಖಾಲಿ ಇದೆಯಾ ಅಂತ ಕೇಳಿ ಕಳಿಸುತ್ತದೆ. ಆದರೆ ನಮ್ಮ ಟ್ಯಾಪುಗಳು (ಮುಖ್ಯ ಲೈನಿನಿಂದ ಮನೆಗೆ ಕವಲು ಕೊಡೋ ಬಾಕ್ಸ್) ಮನೆಯ ಸಿಗ್ನಲನ್ನು ಹೆಡ್‌ಎಂಡ್ (ನನ್ನ ಕಂಟ್ರೋಲ್ ರೂಮ್) ಕಡೆಗಷ್ಟೇ ಬಿಡುತ್ತವೆ, ಪಕ್ಕದ ಮನೆಗೆ ಸರಿಯಾಗಿ ಕೇಳಿಸೋದಿಲ್ಲ. ಇಬ್ಬರಿಗೂ ಲೈನ್ ಖಾಲಿ, ಇಬ್ಬರೂ ಒಟ್ಟಿಗೆ ಕಳಿಸಿ ಡಿಕ್ಕಿ. ಹಗಲು ಹೇಗೋ ಓಡುತ್ತಿತ್ತು, ರಾತ್ರಿ 8 ಆದರೆ ಫೋನ್ ಶುರು. ಸುಮಾರು 80 ಸಾವಿರ ಅಲ್ಲೇ ಹೋಯ್ತು.

ಆಮೇಲೆ ಒಂದೂವರೆ ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಮಿನಿ ಸಿಎಂಟಿಎಸ್ (ಮನೆಗಳ ಕೇಬಲ್ ಮೋಡೆಮ್‌ಗಳನ್ನೆಲ್ಲ ಹೆಡ್‌ಎಂಡಿನಿಂದ ನಡೆಸೋ ಬಾಕ್ಸ್) ತಂದೆ. ಅದರ ಪದ್ಧತಿ ಡಾಕ್ಸಿಸ್. ಮೋಡೆಮ್ ಮೊದಲು ಚಿಕ್ಕ ರಿಕ್ವೆಸ್ಟ್ ಹಾಕಿ ಸ್ಲಾಟ್ (ಕಳಿಸೋ ಸರದಿ) ಕೇಳುತ್ತದೆ, ಸಿಎಂಟಿಎಸ್ ಕೊಟ್ಟಾಗಷ್ಟೇ ಡೇಟಾ ಕಳಿಸುತ್ತದೆ. ಇಲ್ಲಿ ಒಬ್ಬರದ್ದು ಒಬ್ಬರಿಗೆ ಕೇಳಿಸೋ ಅಗತ್ಯವೇ ಇಲ್ಲ. ಡಿಕ್ಕಿಯಾದರೆ ಹೋಗೋದು 6 ಬೈಟಿನ ರಿಕ್ವೆಸ್ಟ್, ಡೇಟಾ ಅಲ್ಲ. ಒಂದು ಸಲ ಸ್ಲಾಟ್ ಸಿಕ್ಕರೆ ಮುಂದಿನ ರಿಕ್ವೆಸ್ಟ್ ಡೇಟಾದ ಜೊತೆಗೇ ಪಿಗ್ಗಿಬ್ಯಾಕ್ ಆಗಿ ಹೋಗುತ್ತದೆ.

ಆದರೂ ಮೊದಲು ಸ್ಪೀಡ್ ಬರಲಿಲ್ಲ. ಇಲ್ಲಿ ಓಣಿ ಓಣಿಯಲ್ಲೂ ಪವರ್‌ಲೂಮ್ ಅಲ್ವಾ, 20 ಮೆಗಾಹರ್ಟ್ಸ್ ಕೆಳಗೆ ಬರೀ ಗದ್ದಲ. ನಾಯ್ಸಿಗೆ ಸತ್ತ ರಿಕ್ವೆಸ್ಟನ್ನೂ ಮೋಡೆಮ್ ಡಿಕ್ಕಿ ಅಂದ್ಕೊಳ್ಳುತ್ತದೆ. ಬ್ಯಾಕಾಫ್ (ಮತ್ತೆ ಕೇಳೋ ಮುಂಚೆ ಕಾಯೋ ಅವಧಿ) ದುಪ್ಪಟ್ಟು ಮಾಡಿ ಸುಮ್ನೆ ಕಾಯುತ್ತಾ ಕೂರುತ್ತದೆ. ಇದು ಗೊತ್ತಾದ ಮೇಲೆ ಕೆಲಸ ಹಗುರಾಯ್ತು. ಅಪ್‌ಸ್ಟ್ರೀಮ್ (ಮನೆಯಿಂದ ಹೆಡ್‌ಎಂಡಿಗೆ ಬರೋ ಸಿಗ್ನಲ್) 30 ಮೆಗಾಹರ್ಟ್ಸ್ ಮೇಲೆ ಎತ್ತಿದೆ, ಚಾನೆಲ್ ಅಗಲ 3.2 ಮೆಗಾಹರ್ಟ್ಸ್‌ನಿಂದ 1.6ಕ್ಕೆ ಇಳಿಸಿದೆ, 16 ಕ್ವಾಮ್ ಬಿಟ್ಟು ನಿಧಾನವಾದರೂ ಗದ್ದಲ ತಡೆಯೋ ಕ್ಯೂಪಿಎಸ್‌ಕೆಗೆ ಬಂದೆ. ಡೇಟಾ ಬ್ಯಾಕಾಫ್‌ನ ಗರಿಷ್ಠ ಮಿತಿ ತಗ್ಗಿಸಿದೆ, ಸಂಜೆ ಕಂಟೆನ್ಷನ್ ಸ್ಲಾಟ್ (ಯಾರು ಬೇಕಾದರೂ ರಿಕ್ವೆಸ್ಟ್ ಹಾಕೋ ಸ್ಲಾಟ್) ಜಾಸ್ತಿ ಕೊಟ್ಟೆ. ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ, ಅದು ನನ್ನ ದುಡಿಮೆ.

ರೇಂಜಿಂಗ್ (ಮೋಡೆಮ್ ಆನ್ ಆದಾಗ ಲೈನಿಗೆ ಸೇರೋ ಹಂತ) ಬ್ಯಾಕಾಫ್ ಮಾತ್ರ ಉಲ್ಟಾ, ಅದನ್ನು ಅಗಲ ಮಾಡಬೇಕು. ಕರೆಂಟ್ ಹೋಗಿ ಬಂದ ಕೂಡಲೇ ಎಲ್ಲ ಮೋಡೆಮ್ ಒಟ್ಟಿಗೆ ಮುಗಿಬೀಳುತ್ತವೆ. ಎಲ್ಲ ಮತ್ತೆ ಆನ್‌ಲೈನ್ ಬರೋಕೆ ಮೊದಲು ಅರ್ಧ ಗಂಟೆ ಹಿಡೀತಿತ್ತು, ಈಗ 7-8 ನಿಮಿಷ. ಈ ಭಾಗದಲ್ಲಿ ಇಷ್ಟು ಬೇಗ ಏಳೋ ಇನ್ನೊಂದು ಕೇಬಲ್ ಲೈನ್ ನಾನು ನೋಡಿಲ್ಲ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಕೇಬಲ್ ಮೋಡೆಮ್‌ಗೆ ಸ್ಟ್ಯಾಂಡರ್ಡ್ ಮಾಡೋಕೆ ಕೂತಿದ್ದ ಐಇಇಇ 802.14 ಗುಂಪಿನವರು ಡಿಕ್ಕಿ ಬಿಡಿಸೋಕೆ ಟ್ರೀ ಪದ್ಧತಿ ಇಟ್ಟಿದ್ದರು. ಡಿಕ್ಕಿಯಾದವರನ್ನು ಗುಂಪು ಒಡೆದು ಮತ್ತೆ ಕೇಳೋದು, ಹೊಸಬರು ನಡುವೆ ನುಗ್ಗೋ ಹಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಸ್ಕ್ರಿಪ್ಟ್ ಬರೆದು ಓಡಿಸಿದೆ. ಸ್ಲಾಟೆಡ್ ಅಲೋಹಾದಲ್ಲಿ (ಯಾರೂ ಕೇಳದೆ ಸ್ಲಾಟಿಗೆ ನುಗ್ಗೋ ಹಳೇ ಪದ್ಧತಿ) ಡಿಕ್ಕಿಯಿಲ್ಲದೆ ದಾಟೋ ಸ್ಲಾಟ್ ಹೆಚ್ಚೆಂದರೆ 37%, ಟ್ರೀ ಅದನ್ನು ದಾಟಿತು. ರಶ್ ಹೊತ್ತಿನಲ್ಲಿ ಕಾಯೋದೂ ಕಡಿಮೆ. ಒಳ್ಳೇ ಪದ್ಧತಿ, ಆದರೆ ಆ ಗುಂಪು 2000ದಲ್ಲೇ ಮುಚ್ಚಿತು, ಬಾಕ್ಸ್ ಎಲ್ಲಿಂದ ತರೋದು?

ಹಳೇ ಮೋಡೆಮ್ 500-600ಕ್ಕೆ ಸಿಗುತ್ತವೆ. ಹಾಕಿದ ಮೇಲೆ ಟ್ರಾನ್ಸ್‌ಮಿಟ್ ಲೆವೆಲ್ (ಮೋಡೆಮ್ ಕಳಿಸೋ ಸಿಗ್ನಲಿನ ಬಲ) 50 ಡಿಬಿಎಂವಿ ದಾಟಿದ್ದರೆ ಮೋಡೆಮ್ ಬದಲಿಸಬೇಡಿ. ಮೊದಲು ಡ್ರಾಪ್ ವೈರ್ (ಟ್ಯಾಪಿನಿಂದ ಮನೆಗೆ ಬರೋ ವೈರು), ಕನೆಕ್ಟರ್ ನೋಡಿ.