ಮಲಗಿದ ದನ ಬೆದರದ ಹಾಗೆ: ಮೈಕಿಲ್ಲದೆ ಕೌಬಾಯ್ ಹಾಡು ಹಾಡುವುದು

ನಾನು ಪಶುಪಾಲನಾ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ ಈಗ ಬೀರೂರಿನಲ್ಲಿ ನೆಲೆಸಿದ್ದೇನೆ. ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹದಿನೈದು ಜನ ಸೇರುತ್ತೇವೆ. ಒಂದು ಗಿಟಾರು, ಒಂದು ಮೌತ್ ಆರ್ಗನ್, ಹಲ್ಲಿಗೆ ಹಿಡಿದು ಬೆರಳಲ್ಲಿ ಮೀಟುವ ಒಂದು ಮೋರ್ಚಿಂಗ್. ಮೈಕ್ ಇಲ್ಲ. ಹಾಡುವುದು ಅಮೆರಿಕದ ದನ ಕಾಯುವವರ ಹಳೆಯ ಹಾಡುಗಳನ್ನು. ನಮ್ಮೂರಲ್ಲೂ ಹೀಗೆ ಮಾಡಬೇಕು, ಹೇಗೆ ಶುರು ಮಾಡೋದು ಅಂತ ಕೆಲವರು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗಿಟಾರ್ ಮುಟ್ಟುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಹಾಡುಗಳನ್ನು ಮೊದಲು ಕೇಳಿದ್ದು ಮನುಷ್ಯರಲ್ಲ, ದನಗಳು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಟೆಕ್ಸಸ್‌ನಲ್ಲಿ ಲಾಂಗ್‌ಹಾರ್ನ್ ದನಗಳು ಬೇಕಾದಷ್ಟಿದ್ದವು, ಕೊಳ್ಳುವವರು ಉತ್ತರದಲ್ಲಿದ್ದರು. 1867ರಿಂದ ಸಾವಿರಾರು ದನಗಳನ್ನು ಕ್ಯಾನ್ಸಸ್‌ನ ಅಬಿಲೀನ್ ರೈಲು ನಿಲ್ದಾಣದ ತನಕ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುತ್ತಿದ್ದರು. ರಾತ್ರಿ ಮಂದೆ ಮಲಗಿದಾಗ ಇಬ್ಬರು ಸವಾರರು ಎದುರುಬದುರು ದಿಕ್ಕಿನಲ್ಲಿ ಅದರ ಸುತ್ತ ನಿಧಾನಕ್ಕೆ ಕುದುರೆ ನಡೆಸುತ್ತಿದ್ದರು. ಸುಮಾರು 2 ಗಂಟೆಯ ಪಾಳಿ. ಆಗ ಮೆಲ್ಲಗೆ ಹಾಡುತ್ತಿದ್ದರು. ಗುಡುಗು ಬಂದರೆ, ಕಡ್ಡಿ ಮುರಿದರೆ ಇಡೀ ಮಂದೆ ಎದ್ದು ಓಡಿಬಿಡುತ್ತಿತ್ತು. ಪರಿಚಯದ ದನಿ ಕಿವಿಗೆ ಬೀಳುತ್ತಿದ್ದರೆ ದನ ಬೆದರುವುದಿಲ್ಲ.

ಇದನ್ನು ಓದಿ ತಿಳಿಯುವ ಮೊದಲೇ ನಾನು ಕಣ್ಣಾರೆ ಕಂಡಿದ್ದೆ. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರದ ಬಗ್ಗೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯ ದನಗಳೇ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆದವು. ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬಯಲಲ್ಲೇ ಬೆಳೆದ ದನ. ಹೊಸಬರು ಹತ್ತಿರ ಹೋದರೆ ಕೊಂಬು ಎತ್ತಿ ನಿಲ್ಲುತ್ತದೆ. ಒಂದು ಸಂಜೆ ಲಸಿಕೆ ಕೆಲಸ ಮುಗಿಸಿ ಕಾವಲಿನ ಅಂಚಿನಲ್ಲಿ ನಿಂತಿದ್ದೆ. ಒಬ್ಬ ವಯಸ್ಸಾದ ದನಗಾಹಿ ಗಂಟಲಲ್ಲೇ ಏನೋ ಗುನುಗುತ್ತ ಮಂದೆಯ ನಡುವೆ ನಡೆದು ಹೋದರು. ಒಂದು ದನವೂ ತಲೆ ಎತ್ತಲಿಲ್ಲ. "ಯಾವ ಹಾಡು ಯಜಮಾನ್ರೇ?" ಅಂದೆ. "ಹಾಡಲ್ಲ ಸಾರ್. ಸುಮ್ನೆ ಹೋದ್ರೆ ಯಾರೋ ಅಂತ ಬೆದರ್ತಾವೆ. ನನ್ನ ದನಿ ಕೇಳ್ತಾ ಇದ್ರೆ ನಾನೇ ಅಂತ ಗೊತ್ತಾಗುತ್ತೆ" ಅಂದರು.

ನಮ್ಮ ಜಗಲಿಯ ಕಟ್ಟಳೆ ಅಲ್ಲಿಂದಲೇ ಬಂದದ್ದು. ಪಕ್ಕದಲ್ಲಿ ದನ ಮಲಗಿದೆ ಅಂದುಕೊಂಡು ಹಾಡಬೇಕು. ದನಿ ಎಷ್ಟು ಎತ್ತಬೇಕು, ಗಿಟಾರ್ ಎಷ್ಟು ಜೋರಾಗಿ ಬಾರಿಸಬೇಕು, ಎಷ್ಟು ವೇಗ ಬೇಕು ಎಂಬುದನ್ನೆಲ್ಲ ಇದೊಂದೇ ಮಾತು ತೀರ್ಮಾನಿಸುತ್ತದೆ. ಎದುರಿಗೆ ಕೂತವರು ಕಾಫಿ ಲೋಟ ಕೆಳಗಿಟ್ಟ ಸದ್ದು ಹಾಡುವವರಿಗೆ ಕೇಳಿಸುತ್ತಿರಬೇಕು. ಕೇಳಿಸದಿದ್ದರೆ ನೀವು ಜೋರಾಗಿ ಹಾಡುತ್ತಿದ್ದೀರಿ ಎಂದರ್ಥ.

ಒಮ್ಮೆ ಊರಿನ ಸಮಾರಂಭಕ್ಕೆ ಕರೆದಿದ್ದರು, ಒಪ್ಪಿಕೊಂಡೆ. ಡ್ಯಾನ್ಸ್ ಹಾಡುಗಳಿಗೆ ಹೊಂದಿಸಿದ್ದ ದೊಡ್ಡ ಸ್ಪೀಕರುಗಳಿಗೇ ನನ್ನ ಮೈಕನ್ನೂ ಸೇರಿಸಿದರು. ಗಿಟಾರ್ ಕೀ ಅಂತ ಕೂಗಿತು. ಸಾಯುತ್ತಿರುವ ಹುಡುಗನ ಹಾಡು ಹೇಳುತ್ತಿದ್ದೆ, ಒಂದು ಪದವೂ ಯಾರಿಗೂ ತಲುಪಲಿಲ್ಲ. ತುಂಬಾ ನೋವಾಯಿತು. ಆಮೇಲೆ ಮೈಕ್ ಇರುವ ಕಡೆ ಈ ಹಾಡುಗಳನ್ನು ಹಾಡಿಲ್ಲ. 40 ಜನಕ್ಕಿಂತ ಜಾಸ್ತಿ ಬರುತ್ತಾರೆ ಅಂದರೆ ಎರಡು ಸಂಜೆ ಇಟ್ಟುಕೊಳ್ಳಿ.

ಜಾಗ ಆರಿಸುವುದು ಸುಲಭ. ಹಾಡುವವರ ಬೆನ್ನಿಗೆ ಗೋಡೆ ಇರಲಿ, ಕೇಳುವವರು ಅರ್ಧ ಸುತ್ತಿನಲ್ಲಿ ಹತ್ತಿರ ಕೂರಲಿ. ಹೆಂಚಿನ ಮನೆಯ ಜಗಲಿ ಬಹಳ ಒಳ್ಳೆಯದು. ತಗಡಿನ ಶೀಟಿನ ಕೆಳಗೆ ಮಾತ್ರ ಮಳೆಗಾಲದಲ್ಲಿ ಕೂರಬೇಡಿ, ಒಂದು ಸಾಲೂ ಕೇಳಿಸುವುದಿಲ್ಲ.

ಗಿಟಾರು ಅಕೂಸ್ಟಿಕ್ ಆಗಿದ್ದರೆ ಸಾಕು, ದುಬಾರಿಯದು ಬೇಡ. ನಿಜ ಹೇಳಬೇಕೆಂದರೆ ದನ ಹೊಡೆಯುವ ದಾರಿಯಲ್ಲಿ ಗಿಟಾರ್ ಅಪರೂಪ. ಕುದುರೆಯ ಮೇಲೆ ಅಷ್ಟು ದೊಡ್ಡದನ್ನು ಕಟ್ಟಿಕೊಂಡು ಹೋಗುವುದು ಕಷ್ಟ ಅಲ್ವಾ? ಜೇಬಿನಲ್ಲಿ ಮೌತ್ ಆರ್ಗನ್, ಮೋರ್ಚಿಂಗ್ ಇರುತ್ತಿದ್ದವು, ಬಿಡಾರದಲ್ಲಿ ಪಿಟೀಲು ಇದ್ದರೂ ಇರಬಹುದು. ಕೌಬಾಯ್ ಅಂದರೆ ಗಿಟಾರು ಅಂತ ಆದದ್ದು ಆಮೇಲೆ, 1930ರ ದಶಕದ ಸಿನಿಮಾಗಳಿಂದ. ಹಾಗಾಗಿ ನಿಮ್ಮ ಊರಲ್ಲಿ ಕರ್ನಾಟಕ ಸಂಗೀತದ ಮೋರ್ಚಿಂಗ್ ನುಡಿಸುವವರಿದ್ದರೆ ದಯವಿಟ್ಟು ಕರೆದು ಕೂರಿಸಿಕೊಳ್ಳಿ. ಅವರು ಈ ಹಾಡುಗಳಿಗೆ ಹೊರಗಿನವರಲ್ಲ. 'ಗುಡ್‌ಬೈ ಓಲ್ಡ್ ಪೇಂಟ್' ಹಾಡು ನಮ್ಮವರೆಗೆ ಬಂದ ದಾರಿಯನ್ನೇ ನೋಡಿ. ಟೆಕ್ಸಸ್‌ನಲ್ಲಿ ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ಕುದುರೆ ಪಳಗಿಸುವ ಕೆಲಸ ಮಾಡಿದ ಚಾರ್ಲಿ ವಿಲ್ಲಿಸ್ ಎಂಬ ಕಪ್ಪು ಕೌಬಾಯ್, ಯಜಮಾನನ ಮಗ ಜೆಸ್ ಮಾರಿಸ್‌ಗೆ ಇದನ್ನು ಕಲಿಸಿದ. ಆಗ ಹುಡುಗನಿಗೆ 7 ವರ್ಷ. ಕಲಿಸಿದ್ದು ನಮ್ಮ ಮೋರ್ಚಿಂಗ್‌ನಂಥದೇ ವಾದ್ಯದ ಮೇಲೆ. ಆ ಹುಡುಗ ಬೆಳೆದು ಪಿಟೀಲುಗಾರನಾದ. 1942ರಲ್ಲಿ ಹಳೆಯ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಅವನ ಹಾಡನ್ನು ಧ್ವನಿಮುದ್ರಿಸಿಕೊಂಡರು. ಹಾಡುವ ಮೊದಲು ಚಾರ್ಲಿ ವಿಲ್ಲಿಸ್ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ. ನೀವೂ ಹೇಳಿ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಮೂಡಿಗೆರೆ ಕಡೆ ಇರುವ ನನ್ನ ಅಕ್ಕನ ಮಗಳು ಗಿಟಾರನ್ನು ಗೋಡೆಗೆ ನೇತುಹಾಕಿದ್ದಳು. ಒಂದೇ ಮಳೆಗಾಲಕ್ಕೆ ಮೇಲಿನ ಹಲಗೆ ಉಬ್ಬಿ, ತಂತಿ ಕಟ್ಟುವ ಬ್ರಿಡ್ಜ್ ಎದ್ದುಬಂತು. ಮರ ತೇವ ಕುಡಿದರೆ ಹೀಗಾಗುತ್ತದೆ. ಜೂನ್ ಬಂತೆಂದರೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಅಳೆಯುವ ಸಣ್ಣ ಮೀಟರ್ ಇಡಿ. 45ರಿಂದ 55 ಪರ್ಸೆಂಟ್ ಒಳಗಿದ್ದರೆ ಗಿಟಾರ್ ಕ್ಷೇಮ. ಒಲೆಯ ಹತ್ತಿರ, ಬಿಸಿಲಲ್ಲಿ ಒಣಗಿಸಲು ಹೋಗಬೇಡಿ. ಆಗ ಹಲಗೆ ಸೀಳುತ್ತದೆ.

ಮೊದಲ ಹಾಡಾಗಿ 'ಹೋಮ್ ಆನ್ ದ ರೇಂಜ್' ಕಲಿಯಿರಿ. ಪದ ಬರೆದದ್ದು 1870ರ ದಶಕದಲ್ಲಿ ಕ್ಯಾನ್ಸಸ್‌ನಲ್ಲಿದ್ದ ಬ್ರೂಸ್ಟರ್ ಹಿಗ್ಲಿ ಎಂಬ ಡಾಕ್ಟರು, ರಾಗ ಕಟ್ಟಿದ್ದು ಡೇನಿಯಲ್ ಕೆಲ್ಲಿ. 1947ರಲ್ಲಿ ಇದು ಆ ರಾಜ್ಯದ ನಾಡಗೀತೆಯಾಯಿತು. ಜಿ, ಸಿ, ಡಿ7 ಎಂಬ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಶುರು ಮಾಡಬಹುದು. ಎಣಿಕೆ ಮೂರರದ್ದು. ಹೆಬ್ಬೆರಳಿನಲ್ಲಿ ದಪ್ಪ ತಂತಿ ಒಂದು ಸಲ, ಉಳಿದ ಬೆರಳಿನಲ್ಲಿ ಸಣ್ಣ ತಂತಿಗಳನ್ನು ಎರಡು ಸಲ ಮೆಲ್ಲಗೆ. ನಮ್ಮ ಗುಂಪಿನಲ್ಲಿ ಸಂಗೀತ ಕಲಿತ ಒಬ್ಬ ಅಕ್ಕ ಇದ್ದಾರೆ. ರೂಪಕ ತಾಳ ಹಾಕಿ ಹಾಕಿ ಅಭ್ಯಾಸವಾಗಿದ್ದ ಅವರಿಗೆ ಇದು ಒಂದೇ ಸಂಜೆಗೆ ಕೂತಿತು. ದನಿ ಮೇಲೆ ಎಟುಕದಿದ್ದರೆ ಗಂಟಲು ಹಿಂಡಬೇಡಿ. ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಿ. ಹೆಂಗಸರಿಗೂ ಮಕ್ಕಳಿಗೂ ಎತ್ತರ ಬೇಕಾದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕೇಪೋ ಎಂಬ ಕ್ಲಿಪ್ಪು ಹಾಕಿದರಾಯಿತು. ಆಮೇಲೆ 'ರೆಡ್ ರಿವರ್ ವ್ಯಾಲಿ'. ಅದು ನಾಲ್ಕರ ಎಣಿಕೆ, ಕಾರ್ಡುಗಳು ಇವೇ.

ಪದಗಳನ್ನು ಇಂಗ್ಲಿಷಿನಲ್ಲೇ ಬಿಡಿ, ಕಥೆಯನ್ನು ಕನ್ನಡದಲ್ಲಿ ಹೇಳಿ. ನಾನು ಎರಡು ವರ್ಷ ಕನ್ನಡ ಮಾಡಲು ನೋಡಿದೆ. ಅರ್ಥ ಬಂತು, ಆದರೆ ನಡಿಗೆ ಕೆಟ್ಟಿತು. ಹಾಡಿಗೆ ಮೊದಲು ಎರಡು ನಿಮಿಷ ಹೇಳಿದರೆ ಸಾಕು, ಜನ ಹಾಡಿನೊಳಗೆ ಬಂದುಬಿಡುತ್ತಾರೆ. 'ಸ್ಟ್ರೀಟ್ಸ್ ಆಫ್ ಲರೇಡೊ'ದಲ್ಲಿ ಗುಂಡೇಟು ತಿಂದ ಕೌಬಾಯ್ ತನ್ನ ಶವಯಾತ್ರೆಗೆ ಡೋಲು, ಕೊಳಲು ಬೇಕು ಅನ್ನುತ್ತಾನೆ. ದನ ಕಾಯುವವನಿಗೆ ಡೋಲು ಎಲ್ಲಿಂದ ಬಂತು? ಈ ಹಾಡಿನ ಬೇರು ಐರ್ಲೆಂಡ್, ಇಂಗ್ಲೆಂಡ್ ಕಡೆಯ ಹಳೆಯ ಹಾಡಿನಲ್ಲಿದೆ. ಅಲ್ಲಿ ಸಾಯುವವನು ಸಿಪಾಯಿ. ಡೋಲು, ಕೊಳಲು ಸಿಪಾಯಿಯ ಶವಯಾತ್ರೆಯವು. ಕಡಲು ದಾಟಿ ಬಂದು ವೇಷ ಬದಲಾದರೂ ಅವು ಹಾಡಿನಲ್ಲೇ ಉಳಿದವು.

ಇನ್ನೊಂದು ಪದ 'ಡೋಗಿ'. ಕರುಗಳನ್ನು ಮುಂದೆ ಹೊಡೆಯುವ 'ವೂಪಿ ಟೈ ಯೈ ಯೋ' ಹಾಡಿನಲ್ಲಿ ಬರುತ್ತದೆ. ಮಕ್ಕಳು ನಾಯಿ ಅಂದುಕೊಳ್ಳುತ್ತಾರೆ. ಡೋಗಿ ಅಂದರೆ ತಾಯಿ ಕಳೆದುಕೊಂಡ ಕರು. ನಮ್ಮ ಭಾಷೆಯಲ್ಲಿ ತಬ್ಬಲಿ. ಆ ಪದ ಬಾಯಿಂದ ಬಂದ ಕೂಡಲೇ ಜಗಲಿ ಮೌನವಾಗುತ್ತದೆ. ಗೋವಿನ ಹಾಡು ಕೇಳಿ ಬೆಳೆದವರು ನಾವು. ಕಾಳಿಂಗ ಹೆಸರು ಹಿಡಿದು ಕರೆದರೆ ಹಸುಗಳೆಲ್ಲ ಬರುತ್ತವೆ ಎಂಬುದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಟೆಕ್ಸಸ್‌ನ ಕರುವಿನ ಹಾಡು ದೂರದ್ದು ಅನ್ನಿಸುವುದಿಲ್ಲ. ಈ ಹಾಡನ್ನು ಮಕ್ಕಳಿಂದಲೇ ಹಾಡಿಸಿ. ಪಲ್ಲವಿ ಹಿಡಿದುಕೊಂಡ ಮಗು ಹಾಡನ್ನು ಬಿಡುವುದಿಲ್ಲ.

ಟೊಪ್ಪಿ, ಬೂಟು ಬೇಡ ಅಂತ ನನ್ನ ಅಭಿಪ್ರಾಯ. ವೇಷ ಹಾಕಿದರೆ ಜನ ವೇಷ ನೋಡುತ್ತಾರೆ.

ಹಾಡು ಎಲ್ಲಿ ಸಿಗುತ್ತವೆ ಅಂತ ಕೇಳುತ್ತಾರೆ. ಜ್ಯಾಕ್ ಥಾರ್ಪ್ 1908ರಲ್ಲಿ ನ್ಯೂ ಮೆಕ್ಸಿಕೋದಲ್ಲಿ 23 ಹಾಡುಗಳ ಸಣ್ಣ ಪುಸ್ತಕ ಅಚ್ಚು ಹಾಕಿಸಿದ, 1910ರಲ್ಲಿ ಲೋಮ್ಯಾಕ್ಸ್ ಸಂಗ್ರಹ ಬಂತು. ಎರಡೂ ಹಕ್ಕಿನ ಅವಧಿ ಮುಗಿದ ಪುಸ್ತಕಗಳು, ಬಿಟ್ಟಿಯಾಗಿ ಓದಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಧ್ವನಿಮುದ್ರಣಗಳಲ್ಲಿ ಎಷ್ಟನ್ನೋ ಇಂಟರ್ನೆಟ್ಟಿನಲ್ಲಿ ಕೇಳಿಸುತ್ತದೆ. ನುಣುಪಾದ ಸ್ಟುಡಿಯೋ ಹಾಡಿಗಿಂತ ಆ ಗೊರಗೊರ ದನಿಯನ್ನೇ ಕೇಳಿ ಕಲಿಯಿರಿ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಒಂದು ಸಂಜೆಗೆ ಏಳು ಹಾಡು ಸಾಕು, ಜಾಸ್ತಿ ಬೇಡ. ಸಾವಿನ ಹಾಡುಗಳನ್ನು ಒಂದರ ಹಿಂದೆ ಒಂದು ಇಡಬೇಡಿ. ನಡುವೆ ಕರುಗಳ ಹಾಡು ಬರಲಿ, ಕಾಫಿ ಬರಲಿ. ಕೊನೆಯದು ಮಾತ್ರ ಯಾವಾಗಲೂ 'ಓಲ್ಡ್ ಪೇಂಟ್'. ಅವರ ಕುಣಿತದ ರಾತ್ರಿಗಳಲ್ಲೂ ಕೊನೆಯ ವಾಲ್ಟ್ಸ್ ಆಗಿ ಅದನ್ನೇ ನುಡಿಸುವ ರೂಢಿಯಿತ್ತು. ಮೈ ಮೇಲೆ ಬಿಳಿ ಮಚ್ಚೆಗಳಿರುವ ಕುದುರೆಗೆ ವಿದಾಯ ಹೇಳುವ ಹಾಡು. ಕೊನೆಯ ಸುತ್ತಿನಲ್ಲಿ ನಾವು ಗಿಟಾರ್ ನಿಲ್ಲಿಸುತ್ತೇವೆ. ಮೋರ್ಚಿಂಗ್ ಒಂದೇ ಮೂರರ ಎಣಿಕೆ ಹಿಡಿದು ಹೋಗುತ್ತದೆ. ಅದು ಮುಗಿದ ಮೇಲೆ ಚಪ್ಪಾಳೆ ತಟ್ಟದೆ ಒಂದು ನಿಮಿಷ ಹಾಗೇ ಕೂರೋಣ ಅಂತ ಮೊದಲೇ ಹೇಳಿರಿ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಹಿತ್ತಲಿನ ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು ಕೇಳಿಸುತ್ತದೆ.