ಸುದ್ದಿತಾಣದ ಹೊರದೇಶದ ಆವೃತ್ತಿಯನ್ನು ಬೆಳೆಸುವ ಬಗೆ

ಹೊರದೇಶದ ಓದುಗರ ಸಂಖ್ಯೆ ಏರತೊಡಗಿದೊಡನೆ ಆ ದೇಶದ ಹೆಸರಿನಲ್ಲೊಂದು ಆವೃತ್ತಿ ತೆರೆಯುವ ಹುಮ್ಮಸ್ಸು ಯಾವ ಸುದ್ದಿತಾಣಕ್ಕಾದರೂ ಬರುತ್ತದೆ. ಆದರೆ ತಾಯ್ನಾಡಿನ ಸುದ್ದಿಯನ್ನೇ ಬೇರೊಂದು ಮುಖಪುಟದಲ್ಲಿ ಜೋಡಿಸಿಟ್ಟರೆ ಅದು ಆವೃತ್ತಿಯಾಗುವುದಿಲ್ಲ. ಆ ನೆಲದ ಸುದ್ದಿಯನ್ನು ಅಲ್ಲೇ ನಿಂತು ಬರೆಯುವವರಿದ್ದರೆ ಮಾತ್ರ ಅದು ಬೇರು ಬಿಡುತ್ತದೆ.

ಆದ್ದರಿಂದ ಮುಖಪುಟದ ವಿನ್ಯಾಸಕ್ಕಿಂತ ಮೊದಲು ವರದಿಗಾರರನ್ನು ಹುಡುಕಿಕೊಳ್ಳಿ. ಲಂಡನ್ನಿನ ‘ದ ಗಾರ್ಡಿಯನ್’ 2013ರ ಮೇ ತಿಂಗಳಲ್ಲಿ ಆಸ್ಟ್ರೇಲಿಯ ಆವೃತ್ತಿಯನ್ನು ಆರಂಭಿಸಿದಾಗ ಸಂಪಾದಕಿಯಾಗಿ ಕ್ಯಾಥರೀನ್ ವೈನರ್ ಲಂಡನ್ನಿನಿಂದಲೇ ಹೋದರೂ, ರಾಜಕೀಯ ವರದಿಯ ಹೊಣೆಯನ್ನು ರಾಜಧಾನಿ ಕ್ಯಾನ್‌ಬೆರಾದ ಒಳಹೊರಗನ್ನು ಬಲ್ಲ ಲೆನೋರ್ ಟೇಲರ್ ಅವರಿಗೆ ವಹಿಸಲಾಯಿತು. 2016ರಲ್ಲಿ ಅವರೇ ಆ ಆವೃತ್ತಿಯ ಸಂಪಾದಕಿಯಾದರು. ಅದೇ ವರ್ಷ, ಆಶ್ರಯ ಕೋರಿ ಬಂದವರನ್ನು ಆಸ್ಟ್ರೇಲಿಯ ಇರಿಸಿದ್ದ ನೌರು ದ್ವೀಪದ ಶಿಬಿರದ 2,000ಕ್ಕೂ ಹೆಚ್ಚು ಆಂತರಿಕ ವರದಿಗಳನ್ನು ಆ ಆವೃತ್ತಿ ಬಯಲಿಗೆ ತಂದಿತು. ಇಂಥ ದಾಖಲೆಗಳು ಕೈಸೇರಬೇಕಾದರೆ ಆ ದೇಶದ ಜನ ನಿಮ್ಮನ್ನು ತಮ್ಮವರೆಂದು ನಂಬಿರಬೇಕು, ಮತ್ತು ಆ ನಂಬಿಕೆ ದೂರದ ಡೆಸ್ಕಿನಲ್ಲಿ ಕುಳಿತು ದಕ್ಕುವಂಥದ್ದಲ್ಲ.

ಎರಡನೆಯದು ಹೊತ್ತು. ಕನ್ನಡದ ತಾಣವೊಂದು ಅಮೆರಿಕದ ಓದುಗರಿಗಾಗಿ ಆವೃತ್ತಿ ತರುತ್ತದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ 6 ಗಂಟೆಯಾಗಿದ್ದರೆ ನ್ಯೂಜೆರ್ಸಿಯಲ್ಲಿ ಇನ್ನೂ ಶುಕ್ರವಾರ ರಾತ್ರಿ 8.30. ‘ಇಂದು ಸಂಜೆ ಸಭೆ’ ಎಂಬ ಶೀರ್ಷಿಕೆಯನ್ನು ಹಾಗೇ ಬಿಟ್ಟರೆ ಓದುಗ ದಿನ ತಪ್ಪುತ್ತಾನೆ. ‘ಇಂದು’, ‘ನಿನ್ನೆ’ಗಳನ್ನು ಕೈಬಿಟ್ಟು ವಾರದ ಹೆಸರನ್ನೂ ಊರಿನ ಹೆಸರನ್ನೂ ಬರೆಯುವುದನ್ನು ಡೆಸ್ಕಿನ ನಿಯಮವಾಗಿಸಿ. ಕೊಲ್ಲಿ ದೇಶಗಳಲ್ಲಿ ರಜೆಯ ಲೆಕ್ಕವೇ ಬೇರೆ: ಯುಎಇ 2022ರಿಂದ ಶನಿವಾರ, ಭಾನುವಾರಕ್ಕೆ ಬದಲಾಗಿದೆ, ಕುವೈತಿನಲ್ಲಿ ವಾರದ ರಜೆ ಇಂದಿಗೂ ಶುಕ್ರವಾರ ಮತ್ತು ಶನಿವಾರ. ಬಿಡುವಾಗಿ ಓದುವ ದೀರ್ಘ ಲೇಖನವನ್ನು ಎರಡೂ ಕಡೆ ಒಂದೇ ದಿನ ಪ್ರಕಟಿಸಿದರೆ ಒಂದು ಕಡೆಯ ಓದುಗರು ಅದನ್ನು ಕೆಲಸದ ಗಡಿಬಿಡಿಯಲ್ಲಿ ದಾಟಿಹೋಗುತ್ತಾರೆ.

ಜಾಲತಾಣದ ವಿಳಾಸವನ್ನು ದೇಶಕ್ಕೊಂದರಂತೆ ಒಡೆಯದಿರುವುದು ಮೇಲು. ಗಾರ್ಡಿಯನ್ ಕೂಡ 2013ರಲ್ಲೇ ಬ್ರಿಟನ್ನಿನ ಗುರುತು ಹೊತ್ತಿದ್ದ ಹಳೆಯ ವಿಳಾಸವನ್ನು ಬಿಟ್ಟು ಎಲ್ಲ ಆವೃತ್ತಿಗಳನ್ನೂ ಒಂದೇ ವಿಳಾಸದಡಿ ತಂದಿತು.

ಹಣದ ವಿಷಯದಲ್ಲಿ ಆತುರ ಸಲ್ಲದು. ಆಸ್ಟ್ರೇಲಿಯ ಆವೃತ್ತಿಗೆ ಆರಂಭದ ಬಂಡವಾಳ ಕೊಟ್ಟವರು ಅಲ್ಲಿಯ ಉದ್ಯಮಿ ಗ್ರೇಮ್ ವುಡ್. ಮುಂದೆ ಸುದ್ದಿಗೆ ಪೇವಾಲ್ (ಹಣ ಕೊಟ್ಟವರಿಗಷ್ಟೇ ಓದಲು ಬಿಡುವ ತಡೆ) ಹಾಕದೆ, ಓದುಗರು ಮನಸಾರೆ ಕೊಡುವ ದೇಣಿಗೆ ಜಾಹೀರಾತಿನ ಜೊತೆಗೆ ಆಧಾರವಾಯಿತು. ದೇಣಿಗೆ ಕೇಳುವ ಮಾತನ್ನು ಸ್ಥಳೀಯ ತನಿಖಾ ವರದಿಯ ಕೊನೆಯಲ್ಲಿಡಿ, ಏಕೆಂದರೆ ಕೊಡುವ ಕಾರಣ ಓದುಗನ ಕಣ್ಣೆದುರಿರುವುದು ಅಲ್ಲಿಯೇ.

ಕಾನೂನನ್ನಂತೂ ಆರಂಭಕ್ಕೆ ಮೊದಲೇ ಅರಿಯಬೇಕು. ಭಾರತವು 2019ರಲ್ಲಿ ಡಿಜಿಟಲ್ ಸುದ್ದಿಯಲ್ಲಿ ವಿದೇಶಿ ಹೂಡಿಕೆಗೆ ಶೇ 26ರ ಮಿತಿ ಹಾಕಿತು. ಮರುವರ್ಷ ಅಮೆರಿಕದ ಸುದ್ದಿತಾಣ ಹಫ್‌ಪೋಸ್ಟ್‌ನ ಒಡೆತನ ಅಲ್ಲಿಯದೇ ಕಂಪನಿ ಬಝ್‌ಫೀಡ್‌ಗೆ ಹೋಗುವ ಹೊತ್ತಿಗೆ, ಒಳ್ಳೆಯ ತನಿಖಾ ವರದಿಗಳನ್ನು ಕೊಡುತ್ತಿದ್ದ ಅದರ ಭಾರತ ಆವೃತ್ತಿ ಮುಚ್ಚಿಹೋಯಿತು. ಹೂಡಿಕೆಯ ನಿಯಮ, ಮಾನನಷ್ಟದ ಕಾನೂನು, ವರದಿಗಾರರ ವೀಸಾ ಮತ್ತು ಪರವಾನಗಿ ಈ ಮೂರನ್ನೂ ಆ ದೇಶದ ವಕೀಲರಿಂದಲೇ ಬರಹದಲ್ಲಿ ಪಡೆದು, ಆಮೇಲೆ ನೇಮಕಾತಿಗೆ ಸಹಿ ಹಾಕಿ.