ಘಾಟಿಯಲ್ಲಿ ಕಾರಿನ ರೇಡಿಯೊ ಗೊರಗುಟ್ಟುತ್ತಿದೆಯೇ?

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಆಕಾಶವಾಣಿ ಹಾಸನದ ವಾರ್ತೆ ಒಂದು ತಿರುವಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಮುಂದಿನ ತಿರುವಿನಲ್ಲಿ ಬರೀ ಗೊರಗೊರ. ಸೆಟ್ ಕೆಟ್ಟಿತೆಂದು ಹೊಸದು ಹಾಕಿಸಿಕೊಂಡವರನ್ನು ಕಂಡಿದ್ದೇನೆ. ದುಡ್ಡು ಕೊಡುವ ಮೊದಲು ದಯವಿಟ್ಟು ತಪ್ಪು ಗುಡ್ಡದ್ದೋ ಕಾರಿನದ್ದೋ ಎಂದು ನೀವೇ ಪರೀಕ್ಷಿಸಿ.

ಹಾಸನ ಕೇಂದ್ರದ ಪ್ರಸಾರ 102.2 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 3 ಮೀಟರ್. ಇಷ್ಟು ಗಿಡ್ಡ ಅಲೆ ಹೆಚ್ಚುಕಡಿಮೆ ಬೆಳಕಿನಂತೆ ನೇರ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಅಲೆ ಸುಮಾರು 490 ಮೀಟರ್ ಉದ್ದ. ಅದು ನೆಲ ಹಿಡಿದು, ಗುಡ್ಡ ಬಳಸಿ ಬರುತ್ತದೆ.

ಮೊದಲ ಪರೀಕ್ಷೆ ಬಯಲಿನಲ್ಲಿ. ಹಾಸನದ ಸುತ್ತಮುತ್ತ ಯಾವುದಾದರೂ ತೆರೆದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ರೇಡಿಯೊ ಮಾತ್ರ ಹಾಕಿ. ದನಿ ಸ್ವಚ್ಛವಾಗಿದ್ದರೆ ಸೆಟ್ ಚೆನ್ನಾಗಿದೆ.

ಈಗ ಎಂಜಿನ್ ಚಾಲೂ ಮಾಡಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ 'ಕುಂಯ್' ಸದ್ದು ಬಂದರೆ, ಗ್ಯಾರೇಜಿನವರು ಡೈನಮೊ ಎನ್ನುವ ಆಲ್ಟರ್ನೇಟರ್‌ನ ಕಡೆ ಅನುಮಾನಪಡಿ. ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒಂದೇ ಸಮನೆ ಕರಕರ ಎಂದರೆ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ನಾನು ಕಂಡಂತೆ ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿಯುತ್ತವೆ. ಅಗ್ಗದ ಚಾರ್ಜರ್ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಗದ್ದಲ ಎಬ್ಬಿಸುತ್ತದೆ. ಡ್ಯಾಶ್ ಕ್ಯಾಮೆರಾ, ಹೊಸದಾಗಿ ಹಾಕಿಸಿದ ಎಲ್‌ಇಡಿ ದೀಪಗಳನ್ನೂ ಒಂದೊಂದಾಗಿ ಆರಿಸಿ ನೋಡಿ.

ಆಮೇಲೆ ಆಂಟೆನಾ. ಕಡ್ಡಿಯನ್ನು ತಿರುಗಿಸಿ ಬಿಚ್ಚಿ, ಬುಡದ ತಿರುಪನ್ನು ನೋಡಿ. ಮಲೆನಾಡಿನ ಮಳೆ ಕುಡಿದ ಕಾರುಗಳಲ್ಲಿ ಅಲ್ಲಿ ಹಸಿರು ಕಿಲುಬೋ ಕೆಂಪು ತುಕ್ಕೋ ಕೂತಿರುತ್ತದೆ. ನಯವಾದ ಮರಳು ಕಾಗದದಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬಿಗಿಯಾಗಿ ಕೂರಿಸಿ. ಎಳೆಯುವ ಕಡ್ಡಿಯಾದರೆ ಪೂರ್ತಿ ಎಳೆಯಿರಿ. ಅಲೆಯ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರ್, ಎಫ್‌ಎಂಗೆ ಹದವಾದ ಉದ್ದ.

ಹಾಸನದ ಎನ್.ಆರ್. ವೃತ್ತದಂಥ ಕಡೆ ಸಿಗ್ನಲ್‌ಗೆ ನಿಂತಾಗ ಮಾತ್ರ ದನಿ ಒಡೆದರೆ ಗಾಬರಿ ಬೇಡ. ನೇರ ಬಂದ ಅಲೆಯೂ ಕಟ್ಟಡಕ್ಕೆ ಬಡಿದು ಮರಳಿದ ಅಲೆಯೂ ಅಲ್ಲಿ ಒಂದನ್ನೊಂದು ಅಳಿಸುತ್ತಿರುತ್ತವೆ. ಮುಂದಿನ ವಾಹನ ಸರಿದಾಗ ಎರಡು ಮೂರು ಅಡಿ ಮುಂದೆ ಹೋಗಿ, ದನಿ ಮರಳಬಹುದು.

ಸೆಟ್ಟಿನಲ್ಲಿ 'ಮೊನೊ' ಆಯ್ಕೆ ಇದ್ದರೆ ಘಾಟಿಯಲ್ಲಿ ಅದನ್ನೇ ಬಳಸಿ. ಸ್ಟೀರಿಯೊಗೆ ಬಲವಾದ ಸಂಕೇತ ಬೇಕು, ಮೊನೊ ಕಡಿಮೆಯಲ್ಲೇ ನಿಭಾಯಿಸುತ್ತದೆ. 'ಲೋಕಲ್' ಗುಂಡಿ ಒತ್ತಿದ್ದರೆ ತೆಗೆದುಬಿಡಿ, ಕೇಂದ್ರ ಹುಡುಕುವಾಗ ಅದು ದೂರದವನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ.

ಇಷ್ಟೆಲ್ಲ ಆದಮೇಲೂ ಕೆಲವು ತಿರುವುಗಳಲ್ಲಿ ಹಾಸನ ಕೇಳುವುದಿಲ್ಲ, ಅದು ಗುಡ್ಡದ ಪಾಲು. ಹೊರಡುವ ಮುನ್ನವೇ ಒಂದು ಗುಂಡಿಗೆ ಹಾಸನದ 102.2, ಪಕ್ಕದ್ದಕ್ಕೆ ಮಂಗಳೂರಿನ 100.3 ಕೂಡಿಸಿಡಿ. ಘಾಟಿ ಇಳಿದು ಕರಾವಳಿ ಹತ್ತಿರವಾದಂತೆ ಎರಡನೆಯದನ್ನು ಒತ್ತಿ.